ಪರಾತದಲ್ಲಿ ಒಂಬತ್ತು ಫೋನು

ಅತಿಥಿ ಶಿಕ್ಷಕರ ಕೆಲಸ ಶಾಲೆಯ ವರ್ಷ ಮುಗಿದ ದಿನವೇ ಮುಗಿಯುತ್ತದೆ. ಬೇಸಿಗೆ ರಜೆ ಕಳೆದ ಮೇಲೆ ಮತ್ತೆ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು. ನಿಮ್ಮ ಮಗುವಿನ ಕೈ ಹಿಡಿದು ಎ, ಬಿ, ಸಿ, ಡಿ ತಿದ್ದಿಸಿದವರು ಅಂಥವರೇ ಒಬ್ಬರಿರಬಹುದು. ನೀವು ಅವರ ಹೆಸರನ್ನಾದರೂ ಕೇಳಿದ್ದೀರಾ?

ನಾನು ಹೇಳುತ್ತಿರುವವಳ ಹೆಸರು ರೂಪಾ. ರೋಣದಿಂದ ಗಜೇಂದ್ರಗಡದ ಕಡೆ ಹೋಗುವಾಗ ಡಾಂಬರು ಬಿಟ್ಟು ಒಳಗೆ ಹೊರಳಿದರೆ ಸಿಗುವ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ನಾಲ್ಕು ವರ್ಷ ಇಂಗ್ಲಿಷ್ ಕಲಿಸಿದಳು. ಊರ ಹೆಸರು ಬರೆಯುವುದಿಲ್ಲ. ಬರೆದರೆ ನೀವು "ಓ, ಆ ಊರೇನು" ಎಂದು ನಿರಾಳರಾಗಿಬಿಡುತ್ತೀರಿ. ಅವಳ ತಾಯಿ ಗುಡ್ಡವ್ವ ಮಂದಿಯ ಹೊಲದಲ್ಲಿ ಕಸ ತೆಗೆಯುತ್ತಾಳೆ, ಹೆಸರುಕಾಯಿ ಬಿಡಿಸುತ್ತಾಳೆ. ರೂಪಾ ನರಗುಂದದ ಸೋದರತ್ತೆಯ ಮನೆಯಲ್ಲಿದ್ದು ಕಾಲೇಜು ಓದಿದಳು, ಬಿ.ಎಡ್. ಮಾಡಿದಳು. ತನ್ನ ಮನೆತನದಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಮೊದಲಿಗಳು ಅವಳೇ. ಆ ಸಹಿ ಹಾಕುವ ಜಾಗ ಉಳಿಯಬೇಕು. ಅವಳಿಗಿದ್ದ ಆಸೆ ಅದೊಂದೇ, ಹೆದರಿಕೆಯೂ ಅದೊಂದೇ.

ಹೋದ ವರ್ಷ ಜುಲೈನಲ್ಲಿ ಶಾಲೆಯ ಫೋನಿಗೆ ಸುದ್ದಿ ಬಂತು. ಇಂಗ್ಲಿಷ್ ಕಲಿಸುವ ಬಗ್ಗೆ ಪ್ರತಿ ಶನಿವಾರ ಮಧ್ಯಾಹ್ನ ಆನ್‌ಲೈನ್ ಕಾರ್ಯಾಗಾರ, ಪೂರ್ತಿ ಪುಕ್ಕಟೆ, ಕೊನೆಗೆ ಸರ್ಟಿಫಿಕೇಟ್. ಕಾಯಂ ಶಿಕ್ಷಕರು ಯಾವ ವಿಷಯದವರಾದರೂ ಸೇರಲೇಬೇಕು. ರೂಪಾ ಹಿಗ್ಗಿದಳು. ಅವಳಿಗೆ ಕಲಿಯಬೇಕಿತ್ತು. ಉಳಿದವರಿಗೆ ಮುಗಿಸಬೇಕಿತ್ತು.

ಆ ಊರಲ್ಲಿ ನೆಟ್‌ವರ್ಕ್ ಸಿಗುವುದು ಶಾಲೆಯ ಮಾಳಿಗೆಯ ಮೇಲೆ ಮಾತ್ರ. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಆ ಸುಡುಬಿಸಿಲಲ್ಲಿ ಒಂದೂವರೆ ತಾಸು ಯಾರು ಕೂಡುತ್ತಾರೆ? ಹೆಡ್ ಮಾಸ್ತರ್ ಗುರುಸಂಗಪ್ಪನವರು ದಾರಿ ಹುಡುಕಿದರು.

"ರೂಪಾ, ನೀ ಹ್ಯಾಂಗಿದ್ರೂ ಕೂಡಾಕಿ. ನಮ್ಮವೂ ಒಂದೀಟು ನೋಡ್ಕೋವಾ."

"ಎಲ್ಲಾರ್ದೂ ಹ್ಯಾಂಗ ನೋಡ್ಲಿರೀ ಸರ?"

"ಮನ್ಯಾಗ ಎಲ್ಲಾರ ಕಡೆನೂ ಒಂದೊಂದು ಹಳೇ ಫೋನ್ ಬಿದ್ದಿರ್ತೈತಿ. ಅದರಾಗ ನಮ್ಮ ಹೆಸರು ಹಾಕಿ ಇಡೋದು. ಅದು 'ಅದೀರೇನ್ರಿ' ಅಂತ ಕೇಳಿದಾಗ ನೀ ಒತ್ತೋದು."

ಶರೀಫಾಬಿ ಅಕ್ಕೋರು ಅಲ್ಲೇ ಕುಳಿತು ಶೇಂಗಾ ಸುಲಿಯುತ್ತಿದ್ದರು. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವರು. "ಇಂಗ್ಲಿಷ್ ಅಂದ್ರ ನನಗ ಜ್ವರಾ ಬರ್ತಾವು ತಂಗಿ. ಮಗ್ಗಿ ಕೇಳಂದ್ರ ಕೇಳು, ಮೂವತ್ತರ ತನಕಾ ಒಪ್ಪಸ್ತೀನಿ."

"ಅವರು ಮಗ್ಗಿ ಕೇಳಂಗಿಲ್ಲರಿ ಅಕ್ಕೋರ. ಮಾರಿ ತೋರಸ್ರಿ ಅಂದ್ರೂ ಅಂದಾರು," ಎಂದರು ಗುರುಸಂಗಪ್ಪನವರು.

"ಹಂಗಾರ ಪೌಡರ್ ಹಚ್ಕೊಂಡು ಬರ್ತೀನಿ ಬಿಡ್ರಿ!"

ಎಲ್ಲರೂ ನಕ್ಕರು. ರೂಪಾಳೂ ನಕ್ಕಳು.

ಆ ಶಾಲೆಯ ಮೂವರು, ಅಕ್ಕಪಕ್ಕದ ಎರಡು ಊರಿನ ಆರು ಮಂದಿ. ಒಟ್ಟು ಒಂಬತ್ತು ಹಳೆಯ ಫೋನು. ಬಿಸಿಯೂಟದ ಕೋಣೆಯಿಂದ ಹಿಟ್ಟು ನಾದುವ ದೊಡ್ಡ ಪರಾತ ತಂದು ಅದರಲ್ಲಿ ಫೋನುಗಳನ್ನು ಸಾಲಾಗಿ ಮಲಗಿಸಿ ರೂಪಾ ಏಣಿ ಹತ್ತುತ್ತಿದ್ದಳು. ಹಳೆಯ ಫೋನುಗಳಿಗೆ ಸಿಮ್ ಇರಲಿಲ್ಲ. ಅವಳ ಫೋನೇ ಎಲ್ಲಕ್ಕೂ ನೆಟ್ ಹಂಚಬೇಕು. ಹಂಚುವಾಗ ಅದರಲ್ಲಿ ಬೇರೇನೂ ತೆರೆಯುತ್ತಿರಲಿಲ್ಲ. ಹಾಗಾಗಿ ಒಂಬತ್ತು ಮಂದಿಗೆ ಹಾಜರಿ ಬಿತ್ತು, ಅವಳಿಗಲ್ಲ.

"ನನ್ನ ಹೆಸರೂ ಎಲ್ಲ್ಯರ ಹಾಕಸ್ರಿ ಸರ," ಎಂದು ಒಮ್ಮೆ ಕೇಳಿದಳು.

"ನಿನಗ್ಯಾಕವಾ ಸರ್ಟಿಫಿಕೇಟು? ಜೂನ್‌ದಾಗ ನಿನ್ನ ಹೆಸರು ಬರದು ಕಳಸಾಂವ ನಾ ಅದೀನಲ್ಲ."

ಶರೀಫಾಬಿ ಅಕ್ಕೋರ ಫೋನಿನ ದನಿ ಚಲೋ ಇತ್ತು. ರೂಪಾ ಅದನ್ನೇ ಕಿವಿಗೆ ಹಚ್ಚಿ ಪಾಠ ಕೇಳುತ್ತಿದ್ದಳು. ಫೋನುಗಳು ಕಾಯ್ದು ಕೆಂಡವಾದಾಗ ಪರಾತದ ಮೇಲೆ ಕೊಡೆ ಹಿಡಿಯುತ್ತಿದ್ದಳು, ತನ್ನ ತಲೆಗೆ ಸೆರಗು. ಹೊಳೆಯುವ ಪರಾತ ಕಂಡು ಹದ್ದೊಂದು ಪ್ರತಿ ಶನಿವಾರ ಮೇಲೆ ಸುತ್ತು ಹಾಕುತ್ತಿತ್ತು. ದೂರದ ಗುಡ್ಡದ ಮೇಲೆ ಗಾಳಿಕಂಬಗಳು ತಿರುಗುತ್ತಿದ್ದವು. ಮೊದಮೊದಲು ಇವೆಲ್ಲ ಅವಳಿಗೆ ಚಂದ ಕಂಡವು.

ಪಾಠಗಳು ಒಳ್ಳೆಯವಿದ್ದವು, ಸುಳ್ಳು ಹೇಳಬಾರದು. ಶನಿವಾರ ಕೇಳಿದ್ದನ್ನು ಅವಳು ಸೋಮವಾರ ಮಕ್ಕಳ ಮುಂದೆ ಇಡುತ್ತಿದ್ದಳು. ಒಂದು ಮಗು ಮುಷ್ಟಿಯಲ್ಲಿ ಏನನ್ನೋ ಬಚ್ಚಿಟ್ಟುಕೊಳ್ಳಬೇಕು, ಉಳಿದವರು ಇಂಗ್ಲಿಷಿನಲ್ಲೇ ಕೇಳಿ ಕೇಳಿ ಅದೇನೆಂದು ಕಂಡುಹಿಡಿಯಬೇಕು. ಐದನೆಯ ತರಗತಿಯ ಪೂಜಾ ಮೆಣಸಿನಕಾಯಿ ಹಿಡಿದು ನಿಂತ ದಿನ ಇಡೀ ಕೋಣೆ "ಈಸ್ ಇಟ್ ರೆಡ್? ಈಸ್ ಇಟ್ ಹಾಟ್?" ಎಂದು ಕೂಗಿತು. ಆ ಹುಡುಗಿ ಅಲ್ಲಿಯವರೆಗೆ ಕನ್ನಡದಲ್ಲೂ ಬಾಯಿ ಬಿಟ್ಟವಳಲ್ಲ.

ಕಾರ್ಯಾಗಾರದಲ್ಲಿ ಪ್ರಶ್ನೆ ಕೇಳಿದರೆ ರೂಪಾ ಅಕ್ಕೋರ ಫೋನಿನಲ್ಲೇ ಉತ್ತರಿಸುತ್ತಿದ್ದಳು. ತೆರೆಯ ಮೇಲೆ ಶರೀಫಾಬಿ ಎಂಬ ಹೆಸರು ಮಿನುಗುತ್ತಿತ್ತು. ಡಿಸೆಂಬರಿನಲ್ಲಿ ಸುತ್ತಲಿನ ಶಾಲೆಗಳ ಮೇಲ್ವಿಚಾರಕ ಪರಶಪ್ಪ ಸಾಹೇಬರು ಬಂದು, "ಶರೀಫಾಬಿ ಅಕ್ಕೋರ ಇಂಗ್ಲಿಷ್ ಕೇಳಿ ಮ್ಯಾಲಿನವರು ಖುಷಿ ಆಗ್ಯಾರ" ಎಂದು ಶಾಲು ಹೊದಿಸಿ ಫೋಟೋ ತೆಗೆದರು. ರೂಪಾ ಚಪ್ಪಾಳೆ ತಟ್ಟಿದಳು. ಆ ರಾತ್ರಿ ಅವಳು ಊಟ ಮಾಡಲಿಲ್ಲವೆಂದು ಗುಡ್ಡವ್ವ ನನಗೆ ಹೇಳಿದಳು.

ಫೆಬ್ರುವರಿಯ ಕೊನೆಯ ಶನಿವಾರ ಕೊನೆಯ ಪಾಠ. ಮುಗಿಯುತ್ತಿದ್ದಂತೆ ಒಂಬತ್ತೂ ಫೋನುಗಳಲ್ಲಿ ಒಂದು ಫಾರ್ಮು ತೆರೆದುಕೊಂಡಿತು. ನಾಲ್ಕರಿಂದ ಏಳನೆಯ ತರಗತಿಯವರೆಗೆ ಇನ್ನೊಬ್ಬರ ನೆರವಿಲ್ಲದೆ ಇಂಗ್ಲಿಷ್ ಕಲಿಸಬಲ್ಲಿರಾ? ಹೌದು, ಇಲ್ಲ. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು. ಮುಂದಿನ ವರ್ಷ ಯಾವ ಶಾಲೆಗೆ ಎಷ್ಟು ಶಿಕ್ಷಕರು ಬೇಕೆಂಬುದನ್ನು ಈ ಉತ್ತರದ ಮೇಲೆ ತೀರ್ಮಾನಿಸಲಾಗುವುದು. ಎಲ್ಲವೂ ಇಂಗ್ಲಿಷಿನಲ್ಲಿತ್ತು. ಆ ಒಂಬತ್ತು ಮಂದಿಯ ಪರವಾಗಿ ಅದನ್ನು ಓದಿದವಳು ಅವಳೊಬ್ಬಳೇ.

ಒಂದು ಫೋನು ಹಿಡಿದು ಸರಸರ ಇಳಿದು ಬಂದಳು. ಗುರುಸಂಗಪ್ಪನವರು ಗಾಡಿ ಹತ್ತುತ್ತಿದ್ದರು.

"ಸರ, ಇದನ್ನ ಒಂಚೂರು ನೋಡ್ರಿ. ಹೌದು ಅಂತ ಒತ್ತಿದ್ರ ನನ್ನ ಜಾಗಾನ ಹೋಗ್ತೈತೇನೋ ಅನಸ್ತೈತಿ."

"ಏ ಹುಚ್ಚಿ, ಎಲ್ಲಾ ಫಾರ್ಮಿನ್ಯಾಗೂ ಹಿಂಗ ಏನರ ಬರದಿರ್ತಾರ. ಯಾರು ಓದ್ತಾರ ಅದನ್ನ?"

"ಇಲ್ಲ ಅಂತ ಒತ್ತಿದ್ರ?"

"ಒಂಬತ್ತೂ ಮಂದೀಗೆ ಸರ್ಟಿಫಿಕೇಟ್ ತಪ್ತೈತಿ. ಆಮ್ಯಾಲ ಅವ್ರಿಗೆ ನೀನ ಜವಾಬು ಕೊಡಬೇಕು." ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ನಗುತ್ತಲೇ ಸೇರಿಸಿದರು, "ಜೂನ್‌ದಾಗ ನಿನ್ನ ಹೆಸರು ಬರಿಯಾಂವ ಯಾರನ್ನೋದು ಮರೀಬ್ಯಾಡ."

ರೂಪಾ ಮತ್ತೆ ಏಣಿ ಹತ್ತಿದಳು. ಒತ್ತಿದರೆ ಕೆಲಸ ಹೋಗಬಹುದು. ಒತ್ತದಿದ್ದರೆ ಖಂಡಿತ ಹೋಗುತ್ತದೆ. ಎಂಟು ಫೋನುಗಳಲ್ಲಿ ಹೌದು ಒತ್ತಿದಳು. ಶರೀಫಾಬಿ ಅಕ್ಕೋರ ಫೋನು ಉಳಿಯಿತು. ಅಷ್ಟು ವಾರ ತನ್ನ ದನಿ ಹೊತ್ತ ಫೋನು ಅದು. ಅದರಲ್ಲೂ ಒತ್ತಿದಳು. ಹದ್ದು ಸುತ್ತುತ್ತಲೇ ಇತ್ತು.

ಜೂನ್ ಬಂತು, ಕರೆ ಬರಲಿಲ್ಲ. ಅವಳೇ ಶಾಲೆಗೆ ಹೋದಳು.

"ಮ್ಯಾಲಿಂದ ಕಾಗದ ಬಂದೈತಿ ರೂಪಾ," ಎಂದರು ಗುರುಸಂಗಪ್ಪನವರು, ತಲೆ ಎತ್ತದೆ. "ನಮ್ಮ ಸಾಲ್ಯಾಗ ಇಂಗ್ಲಿಷ್ ಕಲಿಸಾಕ ತಯಾರಾದವರು ಮೂರು ಮಂದಿ ಅದಾರಂತ. ಇಂಗ್ಲಿಷಿಗೆ ಅತಿಥಿ ಶಿಕ್ಷಕರು ಬ್ಯಾಡಂತ."

"ಆ ಮೂರೂ ಮಂದಿ ನಾನ ಅಲ್ಲೇನ್ರಿ ಸರ?"

"ಅದನ್ನ ಬರದು ಕೊಟ್ರ ನನ್ನ ನೌಕರಿ ಹೋಗ್ತೈತಿ."

"ಮತ್ತ ನನ್ನ ಹೆಸರು ಬರೀತೀನಿ ಅಂದಿದ್ರಿ."

"ಜಾಗಾನ ಇಲ್ಲಂದ್ಮ್ಯಾಲ ಎಲ್ಲಿ ಬರೀಲಿ?"

ಹೊರಗೆ ಬಂದಾಗ ಆರನೆಯ ತರಗತಿಯ ಕಿಟಕಿ ತೆರೆದಿತ್ತು. ಶರೀಫಾಬಿ ಅಕ್ಕೋರು ಇಂಗ್ಲಿಷ್ ಪುಸ್ತಕ ಹಿಡಿದು ನಿಂತಿದ್ದರು. ಪೂಜಾ ಮುಷ್ಟಿ ಮುಚ್ಚಿಕೊಂಡು ಎದ್ದು ನಿಂತು, ಇಂಗ್ಲಿಷಿನಲ್ಲಿ ಏನೋ ಕೇಳಿದಳು. "ಕೂಡವಾ, ಮೊದಲ ಬೋರ್ಡ್ ಮ್ಯಾಲಿಂದು ಬರ್ಕೋ," ಎಂದರು ಅಕ್ಕೋರು. ಹುಡುಗಿ ಮುಷ್ಟಿ ಬಿಚ್ಚದೆಯೇ ಕುಳಿತಳು.

ಅಕ್ಕೋರು ರೂಪಾಳನ್ನು ಕಂಡು ಬಾಗಿಲಿಗೆ ಬಂದರು. "ನಾ ಏನ್ ಮಾಡ್ಲಿ ತಂಗಿ? ಸರ್ಟಿಫಿಕೇಟಿನ್ಯಾಗ ನನ್ನ ಹೆಸರೈತಿ."

"ಖರೇ ಏನೈತಿ ಅದನ್ನ ಬರದು ಕೊಡ್ರಿ ಅಕ್ಕೋರ. ಒಂದ ಸಾಲು ಸಾಕು."

ಅಕ್ಕೋರು ಹೆಡ್ ಮಾಸ್ತರ್ ಕೋಣೆಯ ಕಡೆ ನೋಡಿದರು. ಆಮೇಲೆ ತರಗತಿಯೊಳಗೆ ಹೋಗಿ ಪುಸ್ತಕ ತೆರೆದರು.

ರೂಪಾ ಈಗ ತಾಯಿಯ ಜೊತೆ ಕಸ ತೆಗೆಯಲು ಹೋಗುತ್ತಾಳೆ. ಹೊಲದಿಂದ ಶಾಲೆಯ ಮಾಳಿಗೆ ಕಾಣುತ್ತದೆ. ಹೋದ ಶನಿವಾರ ಮಧ್ಯಾಹ್ನ ಅಲ್ಲಿ ಪರಾತ ಹೊಳೆಯಿತಂತೆ. ಈ ವರ್ಷ ವಿಜ್ಞಾನ ಕಲಿಸುವವರಿಗೂ ಅಂಥದ್ದೇ ಪುಕ್ಕಟೆ ಕಾರ್ಯಾಗಾರ ಶುರುವಾಗಿದೆ. ಪರಾತದ ಮೇಲೆ ಕೊಡೆ ಹಿಡಿದು ಕುಳಿತವಳು ವಿಜ್ಞಾನದ ಅತಿಥಿ ಶಿಕ್ಷಕಿ. ಹೊಸಬಳು. ದೂರದಿಂದ ರೂಪಾಳಿಗೆ ಕೈ ಬೀಸಿ ನಕ್ಕಳಂತೆ.

ಇದನ್ನು ಓದುತ್ತಿರುವ ನೀವು ನಾಳೆ ಮುಂಜಾನೆ ನಿಮ್ಮೂರ ಶಾಲೆಗೆ ಹೋಗಿ. ಇಂಗ್ಲಿಷ್ ತರಬೇತಿ ಆದವರು ಯಾರೆಂದು ಕೇಳಿ. ಅವರು ನಿಮ್ಮ ಮಗುವಿನ ಜೊತೆ ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಲಿ, ನೀವು ಹಿಂದಿನ ಸಾಲಿನಲ್ಲಿ ಕುಳಿತು ನೋಡಿ. ಆಗದಿದ್ದರೆ "ನನಗೆ ಆಗುವುದಿಲ್ಲ, ಕಲಿಸುವವರು ಬೇಕು" ಎಂಬ ಒಂದು ಸಾಲನ್ನು ಅವರಿಂದ ಬರೆಸಿಕೊಳ್ಳಿ. ಅದರ ಕೆಳಗೆ ನಿಮ್ಮ ಸಹಿಯನ್ನೂ ಹಾಕಿ, ಶಿಕ್ಷಣ ಇಲಾಖೆಯ ಕಚೇರಿಗೆ ನೀವೇ ಒಯ್ದು ಕೊಡಿ. ಸಾಲು ಬರೆಸಿಕೊಳ್ಳದೆ ಶಾಲೆಯಿಂದ ಹೊರಗೆ ಬರಬೇಡಿ.