ಸೆಲ್ಸೊನ ಗೋಲಿಗೆ ಗಣಿ ಕೂಗಿದ್ದು

ಸೆಲ್ಸೊ ಒಂದು ಗೋಲು ಹೊಡೆದಿದ್ದ. ಅದನ್ನು ಕಣ್ಣಾರೆ ಕಂಡವರು ಕಣಿವೆಯ ಗಣಿಯೂರು ಕಾರ್ಬಯಾಲಿನಲ್ಲಿ ಇನ್ನೂ ನೂರಾರು ಜನ ಬದುಕಿದ್ದಾರೆ. ಆದರೆ ಫುಟ್‌ಬಾಲ್ ಫೆಡರೇಷನ್ನಿನವರ ಲೆಕ್ಕದಲ್ಲಿ ಆ ಗೋಲು ಇಲ್ಲವೇ ಇಲ್ಲ. ಅಲ್ಲಿರುವುದು ಸೊನ್ನೆಗೆ ಮೂರು. ಪಂದ್ಯ ಬಿಟ್ಟು ಓಡಿಹೋದ ತಂಡಕ್ಕೆ ಕೊಡುವ ಶಿಕ್ಷೆ ಅದು. ಇವತ್ತಿಗೂ ಯಾರಾದರೂ ಅವನೆದುರು 'ಓಡಿಹೋದಿರಿ' ಎಂದರೆ ಸೆಲ್ಸೊನ ಕತ್ತಿನ ನರ ಉಬ್ಬುತ್ತದೆ. ಆ ಗೋಲನ್ನು ನುಂಗಿ ನೀರು ಕುಡಿದವನ ಹೆಸರೆತ್ತಿದರಂತೂ ಮುಗಿಯಿತು, ಕೈಯಲ್ಲಿದ್ದ ಗ್ಲಾಸನ್ನು ಮೇಜಿಗೆ ಕುಕ್ಕುತ್ತಾನೆ. ಆ ಹೆಸರು ಬಲ್ಬಿನೊ. ಸೆಲ್ಸೊನ ಹೆಂಡತಿ ಓಲ್ವಿದೊಳ ಒಡಹುಟ್ಟಿದ ತಮ್ಮ.

ಮೂವತ್ತು ವರ್ಷಕ್ಕೂ ಮೇಲೆ ಸೆಲ್ಸೊ ಈ ಭಾಮೈದನ ಜೊತೆ ಮಾತಾಡಿರಲಿಲ್ಲ. ಹಾಗಂತ ದೂರ ಇದ್ದವರೂ ಅಲ್ಲ. ಪ್ರತಿ ಭಾನುವಾರ ಒಂದೇ ಮೇಜು, ಒಂದೇ ಪಾತ್ರೆಯ ಅವರೆಸಾರು, ಅದರಲ್ಲಿ ತೇಲುವ ಒಂದೇ ಹಂದಿಮಾಂಸದ ತುಂಡಿಗೆ ಇಬ್ಬರ ಕಣ್ಣು.

"ಓಲ್ವಿದೊ, ಬ್ರೆಡ್ಡು ಈ ಕಡೆ ತಳ್ಳು ಅಂತ ನಿನ್ನ ತಮ್ಮನಿಗೆ ಹೇಳು."

"ಅಕ್ಕಾ, ಕೈ ಚಾಚಿದ್ರೆ ಬ್ರೆಡ್ಡು ಸಿಗತ್ತೆ ಅಂತ ಭಾವನಿಗೆ ಹೇಳು."

"ನನ್ನ ಕೈ ಚಾಚಿದ್ರೆ ಎಲ್ಲಿಗೆ ಬೀಳ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿದೆ ಅಂತ ಹೇಳು."

"ನೀವಿಬ್ರೂ ಹಾಳಾಗಿ ಹೋಗಿ ಅಂತ ನಾನೇ ಹೇಳ್ತೀನಿ," ಎಂದು ಓಲ್ವಿದೊ ಬ್ರೆಡ್ಡನ್ನು ತಾನೇ ಮುರಿದು ಇಬ್ಬರ ತಟ್ಟೆಗೂ ಎಸೆಯುತ್ತಿದ್ದಳು.

ಸೈಡರ್ ಅಂಗಡಿಯಲ್ಲಿ ಇದು ಇನ್ನೂ ದೊಡ್ಡ ರಂಪ. ಆ ಕಣಿವೆಯಲ್ಲಿ ಸೇಬು ಹುಳಿಸಿ ಮಾಡುವ ಸೈಡರ್ ಮದ್ಯವನ್ನು ಜೊತೆಯಲ್ಲಿ ಕೂತವರೆಲ್ಲ ಒಂದೇ ಗ್ಲಾಸಿನಲ್ಲಿ ಕುಡಿಯುತ್ತಾರೆ. ಒಬ್ಬ ಕುಡಿದು, ಕೊನೆಯ ಗುಟುಕನ್ನು ತುಟಿ ತಾಗಿದ ಅಂಚಿನಿಂದ ನೆಲಕ್ಕೆ ಚೆಲ್ಲಿ, ಮುಂದಿನವನಿಗೆ ಕೊಡಬೇಕು. ಬಲ್ಬಿನೊ ಕೂತ ಮೇಜಿಗೆ ಸೆಲ್ಸೊ ಮಾತ್ರ ಮನೆಯಿಂದ ತನ್ನದೇ ಗ್ಲಾಸನ್ನು ಜೇಬಿನಲ್ಲಿ ತರುತ್ತಿದ್ದ. ಇಂಥದ್ದನ್ನು ಊರು ಹಿಂದೆ ಕಂಡಿರಲಿಲ್ಲ. ಮೊದಮೊದಲು ನಕ್ಕರು, ಆಮೇಲೆ ಬೈದರು, ಆಮೇಲೆ ಅಂಗಡಿಯವನೇ ಆ ಗ್ಲಾಸಿಗೆ ಗೋಡೆಯಲ್ಲಿ ಒಂದು ಗೂಡು ಮಾಡಿಕೊಟ್ಟ.

ಸೆಲ್ಸೊ ಹುಟ್ಟಿದ್ದು ಗಣಿ ಕೂಲಿಗಳ ಸಾಲುಮನೆಯಲ್ಲಿ. ಶಾಲೆಯಲ್ಲಿ ಮೇಷ್ಟರ ಜೊತೆ ಜಗಳವಾಗಿ ಸ್ಲೇಟನ್ನು ಅವರ ಕಾಲಿಗೆ ಎಸೆದು ಬಂದವನು ಮತ್ತೆ ಆ ಕಡೆ ತಲೆಹಾಕಲಿಲ್ಲ. ಮೀಸೆ ಮೂಡುವ ಹೊತ್ತಿಗೆ ಅಣ್ಣ ಅವೆಲಿನೊನ ಹಿಂದೆ ಗಣಿಗಿಳಿದ. ಕೆಳಗೆ ಕಲ್ಲಿದ್ದಲು, ಮೇಲೆ ಫುಟ್‌ಬಾಲು. ಮೂರನೆಯದು ಓಲ್ವಿದೊ. ಅವನಿಗೆ ಬೇರೆ ಯಾವುದೂ ಬೇಕಿರಲಿಲ್ಲ.

ಊರ ಕ್ಲಬ್ಬಿನ ಹೆಸರು ಮಿನೆರಾ. ಅಜ್ಜಂದಿರ ಕಾಲದಲ್ಲಿ ಗಣಿಯವರೇ ಸೇರಿ ಕಟ್ಟಿದ್ದು. ಮೊದಲ ಅಂಗಿ ಹೊಲಿಸುವಾಗ ಬಣ್ಣದ ಮೇಲೆ ವಾರಗಟ್ಟಲೆ ಚರ್ಚೆ ನಡೆಯಿತಂತೆ. ಒಗೆಯುವ ಹೆಂಗಸರು ಬಂದು, "ಹೆಂಗಿದ್ರೂ ಕಪ್ಪಾಗೇ ಬರ್ತದೆ, ಕಪ್ಪೇ ಹೊಲಿಸಿ ಸಾಯ್ರಿ!" ಎಂದರು. ಅಲ್ಲಿಗೆ ತೀರ್ಮಾನವಾಯಿತು. ಕಪ್ಪು ಅಂಗಿ, ಎದೆಯ ಮೇಲೆ ಅಡ್ಡಕ್ಕೆ ಒಂದು ಹಳದಿ ಪಟ್ಟಿ, ಲಾಂಛನದಲ್ಲಿ ಗಣಿಯ ದೀಪ. ಮಿನೆರಾಕ್ಕೆ ಇನ್ನೊಂದು ಹೆಚ್ಚುಗಾರಿಕೆಯಿತ್ತು. ಮೈದಾನಕ್ಕೆ ತಾಗಿದ ಗುಡ್ಡದ ಮೇಲೇ ಗಣಿಬಾಯಿಯ ಕಬ್ಬಿಣದ ಗೋಪುರ, ಅದರ ಪಕ್ಕ ಯಂತ್ರದ ಮನೆ. ಊರವರು ಗೋಲು ಹೊಡೆದರೆ ಯಂತ್ರದ ಮನೆಯ ಕಿಟಕಿಯಿಂದ ನೋಡುತ್ತಿದ್ದವನು ಸೈರನ್ನಿನ ಹಗ್ಗ ಎಳೆಯುತ್ತಿದ್ದ. ಮೂರು ಗಿಡ್ಡ ಕೂಗು. ಆಗಲೇ ಅದು ಗೋಲು. ರೆಫರಿ ಏನು ಹೇಳಿದರೂ ಕಾರ್ಬಯಾಲಿನವರು ನಂಬುತ್ತಿದ್ದುದು ಗಣಿಯ ಮಾತನ್ನೇ.

ಅದೇ ಸೈರನ್ನು ನಿಲ್ಲದೆ ಉದ್ದಕ್ಕೆ ಕೂಗಿದರೆ ಅರ್ಥ ಒಂದೇ: ಕೆಳಗೆ ಅನಾಹುತವಾಗಿದೆ. ಆ ಸದ್ದು ಕೇಳಿದ ಮೇಲೆ ಕಾರ್ಬಯಾಲಿನವರ ಕಾಲು ತಲೆಯ ಅಪ್ಪಣೆಗೆ ಕಾಯುವುದಿಲ್ಲ.

ಎಂಬತ್ತೇಳರ ಮೇ ತಿಂಗಳು, ಭಾನುವಾರ. ಪೆನ್ಯಮಾರ್ ಬಂದರಿನ ಮೀನುಗಾರರ ತಂಡ ಬಂದಿತ್ತು. ಗೆದ್ದರೆ ಮಿನೆರಾ ಮೊಟ್ಟಮೊದಲ ಸಲ ಮೂರನೇ ಡಿವಿಜನ್ನಿಗೆ ಏರುತ್ತದೆ. ಅವತ್ತು ಯಂತ್ರದ ಮನೆಯಲ್ಲಿ ಬಲ್ಬಿನೊನ ಪಾಳಿ. ಬೆಳಿಗ್ಗೆ ಅವನು ಸೆಲ್ಸೊನ ಹೆಗಲಿಗೆ ಗುದ್ದಿ ಹೇಳಿದ್ದ: "ಭಾವ, ನೀನೊಂದು ಹೊಡಿ, ಸಮುದ್ರದವರೆಗೂ ಕೇಳೋ ಹಂಗೆ ಕೂಗಿಸ್ತೀನಿ!" ಓಲ್ವಿದೊಳ ಜೊತೆ ಮದುವೆ ಇನ್ನೂ ಆಗಿರಲಿಲ್ಲ, ಅಕ್ಟೋಬರಿಗೆ ಗೊತ್ತಾಗಿತ್ತು ಅಷ್ಟೆ. ಆದರೂ ಆಗಲೇ ಭಾವ ಎನ್ನುತ್ತಿದ್ದ.

ಸೆಲ್ಸೊ ಹೊಡೆದ. ಮೂಲೆಯಿಂದ ಬಂದ ಚೆಂಡು, ಮಳೆ, ಇಬ್ಬರು ಎತ್ತರದ ಮೀನುಗಾರರ ನಡುವೆ ಮೇಲೆದ್ದ ಅವನ ಹಣೆ. ಬಲೆ ಉಬ್ಬಿತು. ಮೇಲೆ ಸೈರನ್ನು ಕೂಗಿತು. ಒಂದು ಗಿಡ್ಡ, ಇನ್ನೊಂದು ಗಿಡ್ಡ. ಮೂರನೆಯದು ನಿಲ್ಲಲಿಲ್ಲ. ಕೂಗುತ್ತಲೇ ಹೋಯಿತು.

ತಬ್ಬಿಕೊಂಡಿದ್ದ ಕೈಗಳು ಸಡಿಲವಾದವು. ಅವತ್ತು ನೀರೆತ್ತುವ ಪಂಪು ನೋಡಿಕೊಳ್ಳಲು ಕೆಳಗಿಳಿದವರಲ್ಲಿ ಅಣ್ಣ ಅವೆಲಿನೊ ಇದ್ದ. ಸೆಲ್ಸೊ ಓಡಿದ. ಗೋಲ್‌ಕೀಪರ್ ಓಡಿದ. ಬಾವುಟ ಹಿಡಿದ ಲೈನ್ಸ್‌ಮನ್ನು ಕೂಡ ಆ ಊರಿನವನೇ, ಅವನೂ ಬಾವುಟ ಬಿಸಾಕಿ ಓಡಿದ. ಗಂಡಸರು, ಹೆಂಗಸರು, ಪಾದ್ರಿ, ಎಲ್ಲರೂ ಕೆಸರಿನ ಏರು ಹತ್ತಿ ಗಣಿಬಾಯಿಗೆ ಬಂದರು.

ಅಲ್ಲಿ ಅನಾಹುತ ಏನೂ ಆಗಿರಲಿಲ್ಲ. ಬಲ್ಬಿನೊ ಎರಡೂ ಕೈಯಲ್ಲಿ ಹಗ್ಗ ಹಿಡಿದು ಜೋತುಬಿದ್ದು, ಕಣ್ಣುಮುಚ್ಚಿ ಕುಣಿಯುತ್ತಿದ್ದ.

ಸೆಲ್ಸೊ ಅವನ ಹಲ್ಲು ಉದುರಿಸಿದ. ಎಲ್ಲರೂ ಇಳಿದು ಮೈದಾನಕ್ಕೆ ಬರುವಷ್ಟರಲ್ಲಿ ರೆಫರಿ ಬಟ್ಟೆ ಬದಲಿಸಿ ಕಾರು ಹತ್ತಿಯಾಗಿತ್ತು. ಸೊನ್ನೆಗೆ ಮೂರು. ಪೆನ್ಯಮಾರ್ ಮೇಲೇರಿತು. ಗೋಲಿಗೆ ಸೈರನ್ನು ಕೂಗಿಸಬಾರದು ಎಂದು ಗಣಿ ಕಂಪನಿ ಕಟ್ಟಪ್ಪಣೆ ಮಾಡಿತು. ಅಕ್ಟೋಬರಿನಲ್ಲಿ ಮದುವೆಯೇನೋ ಆಯಿತು. ಫೋಟೊಗಳಲ್ಲಿ ಬಲ್ಬಿನೊ ಬಾಯಿ ಮುಚ್ಚಿಕೊಂಡೇ ನಗುತ್ತಾನೆ.

ಆಮೇಲೆ ಗಣಿಯೂ ಮುಚ್ಚಿತು. ಸೆಲ್ಸೊನಿಗೆ ನಲವತ್ತಾಗುವ ಮೊದಲೇ ಪಿಂಚಣಿ ಕೊಟ್ಟು ಮನೆಗೆ ಕಳಿಸಿದರು. ಸಂಬಳದಲ್ಲೇ ಹಿಡಿಯುತ್ತಿದ್ದ ಚಂದಾ ನಿಂತು ಕ್ಲಬ್ಬು ಬಡವಾಯಿತು. ಪಟ್ಟಣದ ಒಬ್ಬ ಕಟ್ಟಡ ವ್ಯಾಪಾರಿ ನಯವಾಗಿ ಮಾತಾಡುತ್ತ ಬಂದ. ಕ್ಲಬ್ಬನ್ನು ತಾನು ಕೊಳ್ಳುತ್ತೇನೆ, ಪಟ್ಟಣಕ್ಕೆ ಒಯ್ಯುತ್ತೇನೆ, ಅಂಗಿ ಬಿಳಿ ಮಾಡಿಸುತ್ತೇನೆ, ದೀಪವನ್ನು ತೆಗೆದು ಹದ್ದು ಇಡಿಸುತ್ತೇನೆ ಎಂದ. ಸಭೆಯಲ್ಲಿ ಸೆಲ್ಸೊ ಎದ್ದು ನಿಂತು, "ನಿನ್ನ ಹದ್ದು ತಗೊಂಡು..." ಎಂದು ಶುರು ಮಾಡಿದ. ಅವನ ತೋಳನ್ನು ಹಿಡಿದು ಕೂರಿಸಿ ಓಲ್ವಿದೊ ಎದ್ದಳು. "ಈ ಅಂಗೀನ ನಮ್ಮಜ್ಜಿ ಒಗೆದಿದ್ದಾಳೆ, ನಮ್ಮಮ್ಮ ಒಗೆದಿದ್ದಾಳೆ, ನಾನು ಒಗೆದಿದ್ದೀನಿ. ಬಿಳಿ ಅಂಗಿ ಒಗೆಯೋಕೆ ನಮಗೆ ಪುರಸೊತ್ತಿಲ್ಲ. ಹೋಗಿ ಬನ್ನಿ." ಊರು ಚಪ್ಪಾಳೆ ಹೊಡೆಯಿತು. ಹಳೇ ಕ್ಲಬ್ಬು ಸಾಲದಲ್ಲಿ ಮುಳುಗಿತು. ಜನ ತಾವೇ ಪಾಲುದಾರರಾಗಿ ಅದೇ ಕಪ್ಪು ಅಂಗಿ, ಅದೇ ದೀಪದಲ್ಲಿ ಎಲ್ಲಕ್ಕಿಂತ ಕೆಳಗಿನ ಡಿವಿಜನ್ನಿನಿಂದ ಮತ್ತೆ ಶುರು ಮಾಡಿದರು. ಅಧ್ಯಕ್ಷೆ ಓಲ್ವಿದೊ. ಅಂಗಿ ಒಗೆಯುವ, ಬೂಟಿಗೆ ಎಣ್ಣೆ ಹಚ್ಚುವ, ಗೆರೆ ಎಳೆಯುವ ಕೆಲಸ ಸೆಲ್ಸೊನದು.

ಹತ್ತು ವರ್ಷ ಹತ್ತುತ್ತ ಹತ್ತುತ್ತ ಕೊನೆಗೂ ಆ ದಿನ ಬಂತು. ಗೆದ್ದರೆ ಮೂರನೇ ಡಿವಿಜನ್. ಎದುರಾಳಿ ಯಾರು? ಮತ್ತೆ ಆ ಪೆನ್ಯಮಾರೇ.

"ಸೈರನ್ನಿಗೆ ಗಾಳಿ ತುಂಬೋ ಯಂತ್ರ ಬಾಡಿಗೆಗೆ ತರಿಸಿದೀನಿ," ಎಂದಳು ಓಲ್ವಿದೊ ಅಡುಗೆಮನೆಯಲ್ಲಿ. "ಗೋಲಿಗೆ ಗಣಿ ಕೂಗಬೇಕು. ಬಲ್ಬಿನೊ ಎಳೀತಾನೆ."

ಸೆಲ್ಸೊ ಒಗೆಯುತ್ತಿದ್ದ ಅಂಗಿಯನ್ನು ಬಕೆಟ್ಟಿಗೆ ಬಡಿದ. "ಯಾರು? ಅವನಾ? ಅವನ ಕೈ ಆ ಹಗ್ಗಕ್ಕೆ ತಾಗಿದ್ರೆ ಮೈದಾನದ ಗೇಟಿಗೆ ಬೀಗ ಜಡಿದು ಕೀಲಿಕೈ ನುಂಗ್ತೀನಿ!"

"ನುಂಗು. ಇನ್ನೊಂದು ನನ್ನ ಹತ್ರ ಇದೆ."

"ಇಡೀ ಕಣಿವೇಲಿ ಬೇರೆ ಗಂಡಸೇ ಇಲ್ವೇನೇ?"

"ಹಗ್ಗ ಎಳೆಯೋನು ಯಂತ್ರದ ಮನೆಯವನೇ ಆಗಿರಬೇಕು. ಮೊದಲಿಂದ ಹಂಗೇ. ಬದುಕಿರೋನು ಅವನೊಬ್ಬನೇ. ಅಧ್ಯಕ್ಷೆ ನಾನು, ಒಗೆಯೋನು ನೀನು. ಒಗಿ."

ಭಾನುವಾರ ಮೈದಾನ ತುಂಬಿ ಏರಿನ ಮೇಲೂ ಜನ ನಿಂತರು. ಮೊದಲರ್ಧದಲ್ಲೇ ಪೆನ್ಯಮಾರ್ ಒಂದು ಹೊಡೆಯಿತು. ಬಿಡುವಿನಲ್ಲಿ ಸೆಲ್ಸೊ ಹುಡುಗರಿಗೆ ಒಣಗಿದ ಕಾಲುಚೀಲ ಎಸೆಯುತ್ತ ಕೋಚಿಗಿಂತ ಜೋರಾಗಿ ಬೈದ. ಎರಡನೇ ಅರ್ಧ ಅರ್ಧಕ್ಕೆ ಬಂದಾಗ ಒಂಬತ್ತನೇ ನಂಬರಿನ ರೊಗೆಲಿಯೊ, ಬೇಕರಿಯವನ ಮಗ, ಓಡುತ್ತ ಬಂದವನು ಕೆಳಮೂಲೆಗೆ ನುಗ್ಗಿಸಿದ. ಒಂದಕ್ಕೆ ಒಂದು, ಸಮ! ಇಡೀ ಮೈದಾನ ಕುತ್ತಿಗೆ ಎತ್ತಿ ಗುಡ್ಡದ ಕಡೆ ನೋಡಿತು.

ಸದ್ದಿಲ್ಲ.

ಕೂಗಲು ತೆರೆದ ಬಾಯಿಗಳು ಹಾಗೇ ನಿಂತವು. ಗೋಲು ಹೊಡೆದ ರೊಗೆಲಿಯೊನೇ ಆಫ್‌ಸೈಡೇನೋ ಎಂದು ಲೈನ್ಸ್‌ಮನ್ ಕಡೆ ತಿರುಗಿದ. ರೆಫರಿ ಗೋಲೆಂದು ನಡುಗೆರೆ ತೋರಿಸಿದರೂ ಮುದುಕರು ನಂಬಲಿಲ್ಲ. "ಗಣಿ ಕೂಗ್ಲಿಲ್ವಲ್ಲೋ!" ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಪೆನ್ಯಮಾರಿನ ಕಡೆಯಿಂದ ಯಾರೋ ಕಿಚಾಯಿಸಿದರು: "ಯಾಕ್ರೋ, ಈ ಸಲ ಓಡಲ್ವಾ?"

ಸೆಲ್ಸೊನ ತಲೆಗೆ ರಕ್ತ ಏರಿತು. ಆದರೆ ಕೋಪ ಬಂದರಿನವರ ಮೇಲಲ್ಲ. ಬೂಟಿನ ಚೀಲ ಬಿಸಾಕಿ, ಆ ದಿನ ಓಡಿದ ಅದೇ ಏರನ್ನು ಓಡಿದ. ಮಂಡಿ ಕಿರುಗುಟ್ಟಿತು, ಗಣಿಧೂಳು ತಿಂದ ಎದೆ ಸೀಟಿ ಹೊಡೆಯಿತು. ದಾರಿಯುದ್ದಕ್ಕೂ ಭಾಮೈದನ ಏಳು ತಲೆಮಾರನ್ನು ಬೈದುಕೊಂಡೇ ಹತ್ತಿದ. ಅದರಲ್ಲಿ ಹೆಂಡತಿಯ ತಲೆಮಾರೂ ಬಂತೆಂದು ಅರ್ಧದಲ್ಲಿ ಹೊಳೆದು, ಅಲ್ಲಿಂದ ಮುಂದೆ ಬಲ್ಬಿನೊನೊಬ್ಬನನ್ನೇ ಬೈದ.

ಯಂತ್ರದ ಮನೆಯಲ್ಲಿ ಬಲ್ಬಿನೊ ಕಿಟಕಿಯ ಬಳಿ ನಿಂತಿದ್ದ. ಕೈ ಹಗ್ಗದ ಮೇಲೇ ಇತ್ತು. ಎಳೆದಿರಲಿಲ್ಲ.

"ಎಳಿಯೋ!" ಎಂದು ಸೆಲ್ಸೊ ಅರಚಿದ. ಮೂವತ್ತು ಚಿಲ್ಲರೆ ವರ್ಷದಲ್ಲಿ ನೇರವಾಗಿ ಆಡಿದ ಮೊದಲ ಮಾತು. "ಗೋಲಾಗಿದೆ, ಕಣ್ಣು ಹೋಗಿದ್ಯಾ? ಎಳಿ!"

"ಉದ್ದ ಆಗ್ಬಿಟ್ರೆ ಭಾವ?" ಎಂದ ಬಲ್ಬಿನೊ. "ಮತ್ತೆ ಎಲ್ರೂ ಓಡಿ ಬಂದ್ರೆ? ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

ಸೆಲ್ಸೊನ ಬೈಗುಳವೆಲ್ಲ ಏರು ಹತ್ತುವಾಗಲೇ ಖರ್ಚಾಗಿತ್ತು. ಕೈ ಬಟ್ಟೆಗೆ ಒರೆಸಿಕೊಂಡು ಭಾಮೈದನ ಮುಂಗೈಯನ್ನು ಗಟ್ಟಿಯಾಗಿ ಹಿಡಿದ.

"ಎಳೆಯೋನು ನೀನು. ಬಿಡಿಸೋನು ನಾನು. ನೋಡೇಬಿಡೋಣ."

ಆ ಹೊತ್ತಿಗೇ ಕೆಳಗೆ ರೊಗೆಲಿಯೊ ಮತ್ತೆ ಚೆಂಡು ಹಿಡಿದಿದ್ದ. ಮೇಲಿನಿಂದ ಆ ಕಪ್ಪು ಅಂಗಿಯ ಹಳದಿ ಪಟ್ಟಿಯೊಂದೇ ಹರಿದುಹೋಗುವುದು ಕಂಡಿತು. ಒಬ್ಬನನ್ನು ದಾಟಿತು, ಇನ್ನೊಬ್ಬನನ್ನು ದಾಟಿತು. ಬಲೆ ಉಬ್ಬಿತು.

ಇಬ್ಬರೂ ಸೇರಿ ಎಳೆದರು. ಒಂದು. ಬಿಟ್ಟರು. ಎರಡು. ಬಿಟ್ಟರು. ಮೂರು. ಸೆಲ್ಸೊ ಆ ಮುಂಗೈಯನ್ನು ಎಲುಬು ಮುರಿಯುವಂತೆ ಹಿಂದಕ್ಕೆ ಸೆಳೆದ. ಸೈರನ್ನು ನಿಂತಿತು. ಕೆಳಗಿನಿಂದ ಎದ್ದ ಕೂಗಿಗೆ ಕಿಟಕಿಯ ಗಾಜು ಅದುರಿತು.

"ಇನ್ನೊಂದು ಸಲ, ಮೊದಲನೇ ಗೋಲಿಗೆ!" ಎಂದ ಬಲ್ಬಿನೊ.

"ಮುಚ್ಚು. ಸೀಟಿ ಊದಲಿ ಮೊದಲು."

ಪೆನ್ಯಮಾರಿನವರು ಮೇಲಿಂದ ಮೇಲೆ ನುಗ್ಗಿದರು. ಒಂದು ಚೆಂಡು ಕಂಬಕ್ಕೆ ಬಡಿಯಿತು. ಬಲ್ಬಿನೊ ಗಣಿಯವರನ್ನು ಕಾಯುವ ಸಾಂತಾ ಬಾರ್ಬರಾಳಿಗೆ ಹರಕೆ ಹೊತ್ತ, ಸೆಲ್ಸೊ ಅವಳನ್ನೇ ಗದರಿದ. ಕೊನೆಗೆ ರೆಫರಿ ಎರಡೂ ಕೈ ಮೇಲೆತ್ತಿದ. ಸೀಟಿಯ ಸದ್ದು ಗುಡ್ಡದವರೆಗೆ ತೆಳ್ಳಗೆ ಬಂತು.

ಸೆಲ್ಸೊ ಆ ಮುಂಗೈಯನ್ನು ಬಿಟ್ಟ.

"ಈಗ ಎಳಿ. ಎಷ್ಟು ಉದ್ದ ಬೇಕೋ ಅಷ್ಟು. ಸಮುದ್ರಕ್ಕೆ ಕೇಳಿಸ್ತೀನಿ ಅಂದಿದ್ಯಲ್ಲ, ಕೇಳಿಸು!"

ಬಲ್ಬಿನೊ ಜೋತುಬಿದ್ದ. ಸೈರನ್ನು ಉದ್ದಕ್ಕೆ, ಎಡೆಬಿಡದೆ, ಕಣಿವೆಯ ಎರಡೂ ಮಗ್ಗುಲಿಗೆ ಬಡಿದು ಕೂಗಿತು. ಕೆಳಗೆ ಕುಣಿಯುತ್ತಿದ್ದವರೆಲ್ಲ ಒಮ್ಮೆಲೇ ನಿಂತರು. ಮರುಗಳಿಗೆ ಏರಿನತ್ತ ಓಟ ಕಿತ್ತರು. ಗಣಿ ಮುಚ್ಚಿ ಎಷ್ಟೋ ವರ್ಷವಾಗಿದೆ, ಒಳಗೆ ನರಪಿಳ್ಳೆಯಿಲ್ಲ ಎಂದು ಪ್ರತಿಯೊಬ್ಬನಿಗೂ ಗೊತ್ತು. ಗೊತ್ತಿದ್ದೂ ಓಡಿದರು. ಅವೆಲಿನೊ ಊರುಗೋಲು ಹಿಡಿದು ಓಡಿದ. ಅಧ್ಯಕ್ಷೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. ಅರ್ಧ ಏರು ಹತ್ತುವಾಗ ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು, ನಗುತ್ತಲೇ ಓಡಿ ಬಂದರು. ಅವರ ಹಿಂದೆ ಪೆನ್ಯಮಾರಿನ ಗೋಲ್‌ಕೀಪರ್ ಏದುಸಿರು ಬಿಡುತ್ತ ಬಂದ.

"ಏನಾಯ್ತು ಅಣ್ಣ? ಒಳಗೆ ಯಾರಾದ್ರೂ ಸಿಕ್ಕಿಹಾಕ್ಕೊಂಡ್ರಾ?"

"ಒಳಗೆ ಯಾರೂ ಇಲ್ಲ ಕಣಪ್ಪ," ಎಂದ ಸೆಲ್ಸೊ. ಕಣ್ಣೀರು ಗಡ್ಡಕ್ಕಿಳಿದಿತ್ತು. "ಎಲ್ರೂ ಮೇಲೇ ಇದ್ದೀವಿ. ಮೂರನೇ ಡಿವಿಜನ್ನಿಗೆ ಬಂದಿದೀವಿ!"

ಪೆಟ್ಟಿಗೆಗಟ್ಟಲೆ ಸೈಡರ್ ಗಣಿಬಾಯಿಗೇ ಬಂತು. ಬಲ್ಬಿನೊ ಬಾಟಲಿಯನ್ನು ತಲೆಯ ಮೇಲೆತ್ತಿ, ಸೊಂಟದ ಕೆಳಗೆ ಹಿಡಿದ ಗ್ಲಾಸಿನ ಅಂಚಿಗೆ ಸಣ್ಣ ಧಾರೆ ಇಳಿಸಿದ. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಗ್ಲಾಸನ್ನು ಭಾವನಿಗೆ ಚಾಚಿದ. ಸೆಲ್ಸೊನ ಗ್ಲಾಸು ಅಂಗಡಿಯ ಗೋಡೆಯ ಗೂಡಿನಲ್ಲಿತ್ತು. ಸೆಲ್ಸೊ ಆ ಗ್ಲಾಸನ್ನೇ ತೆಗೆದುಕೊಂಡು ಒಂದೇ ಉಸಿರಿಗೆ ಕುಡಿದ. ಕೊನೆಯ ಗುಟುಕನ್ನು ಅಂಚಿನಿಂದ ನೆಲಕ್ಕೆ ಚೆಲ್ಲಿ, ಭಾಮೈದನ ಕೈಗೇ ಕೊಟ್ಟ.

ಬಲ್ಬಿನೊ ಬಾಯಿ ಮುಚ್ಚಿಕೊಳ್ಳದೆ ನಕ್ಕ. ಉದುರಿದ ಹಲ್ಲಿನ ಜಾಗ ಕಂಡಿತು. "ಅಲ್ಲಿಗೆ ಲೆಕ್ಕ ಚುಕ್ತಾ ಆಯ್ತಲ್ವಾ ಭಾವ?"

"ಯಾವ ಲೆಕ್ಕ? ಇದು ರೊಗೆಲಿಯೊ ಹೊಡೆದದ್ದು. ನನ್ನ ಗೋಲೆಲ್ಲಿ?"

"ಅದನ್ನ ಎಲ್ಲಿಂದ ತರ್ಲಿ?"

"ಅದು ನನಗೆ ಗೊತ್ತಿಲ್ಲ. ನುಂಗಿದೋನು ನೀನು. ತಂದುಕೊಡು."

ಈಗ ಭಾನುವಾರ ಬ್ರೆಡ್ಡು ಕೇಳಲು ಓಲ್ವಿದೊ ಬೇಕಿಲ್ಲ. ಸೆಲ್ಸೊ ನೇರವಾಗೇ ಕೈಚಾಚುತ್ತಾನೆ. ಬ್ರೆಡ್ಡು ಕೈಗೆ ಬಂದ ಮೇಲೂ ಕೈ ಹಿಂದಕ್ಕೆ ತೆಗೆಯುವುದಿಲ್ಲ.

"ಗೋಲು?"

"ಮುಂದಿನ ವಾರ ಭಾವ," ಎನ್ನುತ್ತಾನೆ ಬಲ್ಬಿನೊ, ಪಾತ್ರೆಯೊಳಗಿನ ಆ ಒಂದೇ ಮಾಂಸದ ತುಂಡನ್ನು ತನ್ನ ತಟ್ಟೆಗೆ ಎತ್ತಿಕೊಳ್ಳುತ್ತ.