ಚಹಾಕ್ಕೆ ಕರೆದ ಹೆಂಟೆ

ಕಾರಾಕುಮ್ ಮರಳುಗಾಡಿನಂಚಿನ ಆ ಊರಲ್ಲಿ ಏಸೆನ್ ಅಂದರೆ ಹಗ್ಗದ ಏಸೆನ್. ಬಾವಿ ತೋಡುವ ನೋಬತ್ ಕೆಳಗಿಳಿದರೆ, ಮೇಲೆ ಒಂಟೆ ಹೊಡೆದು ಮಣ್ಣಿನ ಚೀಲ ಎಳೆಸುವವನು ಇವನೇ. ಹದಿನೈದು ವರ್ಷದ ಜೋಡಿ. ಬಾವಿಯೊಳಕ್ಕೆ ಕೂಗಿದರೆ ಮಾತು ಕಲಸಿಹೋಗುತ್ತದೆ. ಅದಕ್ಕೇ ಚಹಾ ಆಯಿತೆಂದು ತಿಳಿಸಲು ಏಸೆನ್ ಕೋಳಿಮೊಟ್ಟೆ ಗಾತ್ರದ ಮಣ್ಣಿನ ಹೆಂಟೆಯೊಂದನ್ನು ನೋಬತನ ಮೇಲೆ ಹಾಕುತ್ತಿದ್ದ.

"ಥೂ, ನಿನ್ನ ಮನೆ ಹಾಳಾಗ! ಹಸಿವಾದ್ರೆ ನೀನು ತಿನ್ನೋ, ನನ್ನ ತಲೆ ಯಾಕೆ ಒಡೀತೀಯ?" ಎಂದು ನೋಬತ್ ಕುರಿತೊಗಲ ಟೋಪಿ ಕೊಡವಿಕೊಂಡು ನಗುತ್ತಿದ್ದ. ಅವೆಲ್ಲ ಎರಡಾಳುದ್ದ, ಮೂರಾಳುದ್ದ ಆಳದ ಬಾವಿಗಳು.

ಕುರಿ ಮೇಯುವ ಬಯಲಿನ ಬಾವಿ ಇಪ್ಪತ್ತಾಳು ಹೋಯಿತು. ಏಸೆನ್ನನ ಕೈಗೆ ಅಭ್ಯಾಸ, ತಲೆಗೆ ಕೆಲಸವಿಲ್ಲ. ನೀರು ಕುದಿಯಿತು, ಎಂದಿನಂತೆ ಹೆಂಟೆ ಬಿಟ್ಟ. ಬಿಡುವಾಗ ಅದು ಅದೇ ಹಗುರ ಹೆಂಟೆ. ಆದರೆ ಬೀಳುವ ವಸ್ತು ಬೀಳುತ್ತ ಬೀಳುತ್ತ ವೇಗ ಕೂಡಿಸಿಕೊಳ್ಳುತ್ತದೆ. ಮೂರಾಳಿನಲ್ಲಿ ಅದಕ್ಕೆ ಅಷ್ಟು ಹೊತ್ತು ಸಿಗುವುದಿಲ್ಲ, ಇಪ್ಪತ್ತಾಳಿನಲ್ಲಿ ಧಾರಾಳವಾಗಿ ಸಿಗುತ್ತದೆ. ಈ ಸಲ ಕೆಳಗಿನಿಂದ ಬೈಗುಳ ಬರಲಿಲ್ಲ, ನರಳಾಟ ಬಂತು.

ಕುರಿಗಾಹಿಗಳು ಓಡಿಬಂದರು. ಏಸೆನ್ ತಾನೇ ಇಳಿದು, ಅವನನ್ನು ಹಗ್ಗಕ್ಕೆ ಕಟ್ಟಿ ಮೇಲೆಳೆಸಿದ. ಹೆಗಲ ಮೂಳೆ ಮುರಿದಿತ್ತು. ಏನಾಯಿತೆಂದು ಕೇಳಿದರೆ ನೋಬತ್ ಹಲ್ಲು ಕಚ್ಚಿಕೊಂಡು, "ಬಾವಿ ಗೋಡೆ ಉದುರ್ತು" ಅಂದ. ಏಸೆನ್ ತುಟಿ ಬಿಚ್ಚಲಿಲ್ಲ.

ಜೀವ ಉಳಿಸಿದವನೆಂದು ಊರವರು ಏಸೆನ್ನನಿಗೆ ಹೊಸ ನಿಲುವಂಗಿ ತೊಡಿಸಿದರು. ತೊಟ್ಟುಕೊಂಡ, ನಾಚಿಕೆಗೆಟ್ಟವನು! ನೋಬತನ ಮೂಳೆ ಕೂಡಿತು, ಹೋದ ಹೆಸರು ಮಾತ್ರ ಬರಲಿಲ್ಲ. ಗೋಡೆ ಉದುರಿಸುವವನಿಗೆ ಬಾವಿ ಯಾರು ಕೊಟ್ಟಾರು? ಎರಡು ವರ್ಷ ಕಂಡವರ ಕುರಿಯ ಉಣ್ಣೆ ಕತ್ತರಿಸಿದ. ಅವನು ಎದುರಾದಾಗಲೆಲ್ಲ ಏಸೆನ್ ಬೇರೆ ಓಣಿ ಹಿಡಿಯುತ್ತಿದ್ದ.

ಈ ವಸಂತದಲ್ಲಿ ಊರವರು ಹೊಸ ಬಾವಿಯ ಮಾತಿಗೆ ಕೂತರು. ಏಸೆನ್ನನಿಗೆ ಹಿರಿಯರ ಪಕ್ಕದ ಜಾಗ, ನೋಬತನಿಗೆ ಬಾಗಿಲ ಬಳಿ. ತೋಡುವುದಕ್ಕೆ ಯಾರೋ ನೋಬತನ ಹೆಸರೆತ್ತಿದರು.

"ನೋಬತನಾ? ಬೇಡಪ್ಪ, ಮೊದಲು ಅವನ ಮನೆ ಗೋಡೆ ನಿಂತಿದೆಯಾ ನೋಡ್ಕೊಂಡು ಬನ್ನಿ!" ಎಂದ ಹಿರಿಯ ಅನ್ನಾಬಾಯ್.

ಎಲ್ಲರೂ ನಕ್ಕರು. ನೋಬತನೂ ತಲೆ ತಗ್ಗಿಸಿಕೊಂಡು ನಕ್ಕ. ಅದನ್ನು ನೋಡಿ ಏಸೆನ್ನನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಗೋಡೆ ಉದುರ್ಲಿಲ್ಲ," ಅಂದ. "ಹೆಂಟೆ ಹಾಕಿದ್ದು ನಾನು. ಚಹಾಕ್ಕೆ ಕರೆಯೋಕೆ."

ನಗು ನಿಂತಿತು. ಅವನು ನೋಬತನ ಕಡೆ ತಿರುಗಿದ. "ಅಣ್ಣಾ, ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿಲ್ದೆ ಏನೋ? ಒಡೆದ ಹೆಂಟೆ ಚೂರಲ್ಲಿ ಹುಲ್ಲಿನ ಬೇರಿತ್ತು. ಇಪ್ಪತ್ತಾಳು ಕೆಳಗೆ ಯಾವ ಹುಲ್ಲು ಬೆಳೆಯುತ್ತೆ?"

"ಮತ್ತೆ ಯಾಕೆ ಗೋಡೆ ಅಂದ್ರಿ?"

"ಎಲ್ಲರ ಮುಂದೆ ನಿನ್ನ ಹೆಸರು ಹೇಳೋಕೆ ಮನಸ್ಸು ಬರ್ಲಿಲ್ಲ ಕಣೋ," ಅಂದ ನೋಬತ್. "ಅವತ್ತು ಸಂಜೆಯೊಳಗೆ ನೀನೇ ಹೇಳ್ತೀಯ ಅಂದ್ಕೊಂಡಿದ್ದೆ."