ಲಂಕೆಗೆ ಹೊರಟ ಮುಂದಿನ ಸೀಟು

ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಲಿಲ್ಲ. ಹಾಕಿದ್ದೇನೆ ಎಂದು ಅಕ್ಕನಿಗೆ ಸುಳ್ಳು ಹೇಳಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆಮೇಲೆ ನಡೆದ ಸಂಗತಿಯನ್ನು ನಾನು ಯಾರಿಗೆ ಹೇಳಿದರೂ ಅವರು ಈ ಮಾತನ್ನು ದಾಟಿಕೊಂಡು ಮುಂದೆ ಹೋಗುತ್ತಾರೆ. ‘ಅದಿರ್ಲಿ, ಸೀಟಲ್ಲಿ ಎಂತ ಆತು ಹೇಳು’ ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಅದು ಹೇಗೆ ಇರಲಿ? ಅದೇ ಅಲ್ಲವೇ ಮುಖ್ಯ?

ನಾನು ಬಾಡಿಗೆ ಕಾರು ಓಡಿಸುವವನು. ಶಿರಸಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕೂತರೆ ಒಬ್ಬೊಬ್ಬ ಡ್ರೈವರನ ಬಳಿಯೂ ಒಂದೊಂದು ದೆವ್ವದ ಕತೆ ಇರುತ್ತದೆ. ಘಟ್ಟದ ತಿರುವಿನಲ್ಲಿ ಕೈ ಅಡ್ಡ ಮಾಡಿದ ಹೆಂಗಸು, ಹಿಂದಿನ ಸೀಟಿನಿಂದ ಕೇಳಿದ ಕೆಮ್ಮು. ಅಂಥ ಕತೆ ಶುರುವಾದರೆ ನಾನು ಎದ್ದು ಚಹಾ ಕುಡಿಯಲು ಹೋಗುತ್ತಿದ್ದೆ. ನಿದ್ದೆಗೆಟ್ಟು ಗಾಡಿ ಓಡಿಸಿದರೆ ಯಾರಿಗೆ ಬೇಕಾದರೂ ಏನು ಬೇಕಾದರೂ ಕಾಣುತ್ತದೆ ಎಂಬುದು ನನ್ನ ಲೆಕ್ಕ. ನನಗೆ ಆದದ್ದು ಹಾಡಹಗಲಿನಲ್ಲಿ, ಚೆನ್ನಾಗಿ ನಿದ್ದೆ ಮಾಡಿ ಎದ್ದ ದಿನ.

ಸಿದ್ದಾಪುರದ ಅಂಚಿನಲ್ಲಿ ನಮ್ಮ ಮನೆ. ಇರುವುದು ನಾವಿಬ್ಬರೇ, ನಾನು ಮತ್ತು ಅಕ್ಕ ಲಲಿತಾ. ಅವಳಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಎಡಗಾಲಿಗೆ ಬಲವಿಲ್ಲ. ಮನೆಯಲ್ಲೇ ಕೂತು ರವಿಕೆ ಹೊಲಿಯುತ್ತಾಳೆ. ನಾನು ಐದನೆಯ ತರಗತಿಗೆ ಶಾಲೆ ಬಿಟ್ಟವನು, ಅವಳು ಹತ್ತು ಮುಗಿಸಿದವಳು. ನಡೆಯುವುದು ಅವಳಿಗೆ ಕಷ್ಟ, ಕಾರೆಂದರೆ ಜೀವ. ಬಾಡಿಗೆ ಇಲ್ಲದ ದಿನ ಅವಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರೆ ಸಾಕು, ‘ಎಡಕ್ಕೆ ತಗ’, ‘ಎದುರು ಬಸ್ ಬತ್ತದೆ’, ‘ನಿಧಾನ ತಮಾ’ ಎಂದು ದಾರಿಯುದ್ದಕ್ಕೂ ಹೇಳುತ್ತಿರುತ್ತಾಳೆ. ದಾರಿ ನನಗೆ ಗೊತ್ತಿಲ್ಲವೆಂದಲ್ಲ. ಹೇಳುವುದು ಅವಳ ಕೆಲಸ, ಅಷ್ಟೆ.

ಒಂದು ದಿನ ಅವಳು ಮೊಬೈಲಿನಲ್ಲಿ ಯಾರೋ ಶ್ರೀಲಂಕೆಯನ್ನು ಕಾರಿನಲ್ಲಿ ಸುತ್ತಿದ್ದನ್ನು ನೋಡಿದಳು. ಅಂದಿನಿಂದ ಅದೇ ಹಿಡಿಯಿತು.

“ದೊಡ್ಡ ದೇಶ ಆದ್ರೆ ನೋಡಿ ಮುಗಿಯೂದಿಲ್ಲ ತಮಾ. ಇದು ಸಣ್ದು. ಸುತ್ತಲೂ ಸಮುದ್ರ. ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದ್ರೆ ಆತು. ನಾನೂ ಒಂದು ದೇಶ ಪೂರಾ ನೋಡ್ದೆ ಹೇಳಿ ಹೇಳ್ಬೋದು” ಎಂದಳು.

“ಓಡ್ಸೂರು ಯಾರು?”

“ನೀನೇ. ಅಲ್ಲೂ ನಮ್ಮಂಗೇ ಎಡಬದಿ. ಅಲ್ಲೇ ಒಂದು ಕಾರು ಬಾಡಿಗೆಗೆ ತಗಂಬೂದು.”

ಹೊಲಿಗೆಯಿಂದ ಉಳಿಸಿದ ದುಡ್ಡಿತ್ತು. ಅವಳಿಗೆ ಪಾಸ್‌ಪೋರ್ಟೂ ಬಂತು. ನನ್ನದಕ್ಕೆ ಆಮೇಲೆ ಅರ್ಜಿ ಹಾಕುತ್ತೇನೆ ಎಂದಿದ್ದೆ. ಆಮೇಲೆ ಅವಳು ಯೋಜನೆ ಹಾಕಿದ ರೀತಿಯನ್ನು ನೋಡಬೇಕಿತ್ತು. ವಿಮಾನ ಇಳಿಯುವುದು ನೆಗೊಂಬೊ ಎಂಬ ಊರಿನ ಹತ್ತಿರ. ಮೇ ತಿಂಗಳ ಕೊನೆಗೆ ಅಲ್ಲಿಯೂ ಮಳೆ ನಮ್ಮ ಕಡೆಯಂತೆಯೇ ನೈರುತ್ಯದಿಂದ ಬರುತ್ತದೆ. ಹಾಗಾಗಿ ಮಳೆಗೆ ಮೊದಲೇ ಗಾಲೆ, ಮಾತರ ಎಂದು ದಕ್ಷಿಣದ ದಂಡೆ ಮುಗಿಸಬೇಕು. ಅಲ್ಲಿಂದ ಚಹಾ ತೋಟಗಳ ಗುಡ್ಡ ಹತ್ತಿ ನುವರ ಎಲಿಯ, ಕ್ಯಾಂಡಿ. ಪಡುವಣದಲ್ಲಿ ಮಳೆ ಹಿಡಿಯುವ ಹೊತ್ತಿಗೆ ನಾವು ಮೂಡಣ ದಂಡೆಯ ಟ್ರಿಂಕೋಮಲಿಯಲ್ಲಿ ಬಿಸಿಲು ಕಾಯಿಸುತ್ತಿರಬೇಕು. ಎಲ್ಲೆಲ್ಲಿ ಕಾರು ಬಾಗಿಲವರೆಗೆ ಹೋಗುತ್ತದೆ, ಎಲ್ಲಿ ಮೆಟ್ಟಿಲಿಲ್ಲದ ಕೋಣೆ ಸಿಗುತ್ತದೆ, ಎಲ್ಲವನ್ನೂ ಬಾಯಿಪಾಠ ಮಾಡಿದ್ದಳು. ಜನ ಮುಗಿಬಿದ್ದು ಹತ್ತುವ ಒಂದು ದೊಡ್ಡ ಬಂಡೆಯನ್ನು ಮಾತ್ರ ಬಿಟ್ಟಳು. “ಅದನ್ನ ಕೆಳಗಿಂದ್ಲೇ ನೋಡ್ತೆ, ಅದೇನು ಓಡಿ ಹೋಗ್ತದ್ಯ?” ಎಂದು ನಕ್ಕಳು.

ನಮ್ಮ ಡ್ರೈವರುಗಳಲ್ಲಿ ಒಂದು ರೂಢಿಯಿದೆ. ಗೊತ್ತಿಲ್ಲದ ಊರಿಗೆ ದೊಡ್ಡ ಬಾಡಿಗೆ ಸಿಕ್ಕರೆ ಮೊದಲೊಮ್ಮೆ ಖಾಲಿ ಗಾಡಿಯಲ್ಲಿ ಹೋಗಿ ರಸ್ತೆ ನೋಡಿ ಬರುತ್ತೇವೆ. ಲಂಕೆಗೆ ಹಾಗೆ ಹೋಗಿ ಬರಲು ಆಗುತ್ತದೆಯೇ? ಅದಕ್ಕೆ ಅಕ್ಕ ನಮ್ಮ ರಸ್ತೆಯನ್ನೇ ಲಂಕೆ ಮಾಡಿದಳು. ಸಿದ್ದಾಪುರ ನೆಗೊಂಬೊ. ಕಾನಸೂರು ಗಾಲೆ. ಶಿರಸಿ ಮಾತರ. ಅಲ್ಲಿಂದ ಯಲ್ಲಾಪುರದ ಕಡೆಗೆ ಕಾಡಿನ ತಿರುವುಗಳು ಶುರುವಾದರೆ ಅದು ಚಹಾ ಗುಡ್ಡ, ಮಂಚಿಕೇರಿ ಕ್ಯಾಂಡಿ, ಯಲ್ಲಾಪುರ ಟ್ರಿಂಕೋಮಲಿ. ಎಷ್ಟು ಹೊತ್ತು ಕೂತರೆ ತನ್ನ ಸೊಂಟ ಹಿಡಿಯುತ್ತದೆ, ಎಲ್ಲಿ ಇಳಿದು ಕಾಲು ನೀಡಬೇಕು ಎಂದು ನೋಡಲು ರಜೆಯ ದಿನಗಳಲ್ಲಿ ಹೀಗೆ ಸುತ್ತಿದೆವು. ಮಂಚಿಕೇರಿಯಲ್ಲಿ ಚಹಾ ಕುಡಿಯುತ್ತ, “ಕ್ಯಾಂಡಿ ಚಾ ಅಡ್ಡಿಲ್ಲ, ಸಕ್ರೆ ಜಾಸ್ತಿ ಆತು” ಎನ್ನುತ್ತಿದ್ದಳು. ಅಂಗಡಿಯವನು ಕಣ್ಣು ಬಿಡುತ್ತಿದ್ದ.

ನನ್ನ ತಪ್ಪು ಶುರುವಾದದ್ದು ಅಲ್ಲಿಯೇ. ಇಷ್ಟು ಸುತ್ತಿದ ಮೇಲೆ ಅವಳ ಆಸೆ ಅರ್ಧ ತೀರಿತಲ್ಲ ಎಂದು ನನ್ನೊಳಗೆ ನಾನೇ ಹೇಳಿಕೊಳ್ಳಲು ಶುರುಮಾಡಿದೆ. ರಸ್ತೆ ನೋಡಿ ಬಂದದ್ದನ್ನೇ ಪ್ರವಾಸ ಎಂದುಕೊಂಡೆ. ಜೊತೆಗೆ ಸ್ಟ್ಯಾಂಡಿನವರ ಗೇಲಿ.

“ಎಂತದಾ ಮಂಜಣ್ಣ, ಲಂಕೆಗೆ ಹೋಗ್ತ್ಯಡ? ಅಲ್ಲಿಂದ ಹೆಣ್ಣ್ ಕರ್ಕಂಡ್ ಬಂದವ್ರ ಕತೆ ಕೇಳಿದ್ದೆ. ನೀ ಇಲ್ಲಿಂದ ಅಕ್ಕನ್ನ ಕರ್ಕಂಡ್ ಹೋಗ್ತ್ಯಲ ಮಾರಾಯ!”

“ಹನುಮಂತ ಹಾರ್ದ. ಇವ ಕಾರ್ ತಗಂಡ್ ಹಾರ್ತ.”

“ಕುಂಟಿಗೆ ಊರ್ ಸುತ್ತೂ ಹುಚ್ಚು” ಎಂದೂ ಒಬ್ಬ ಹೇಳಿದ. ಅವನ ಕೊರಳಪಟ್ಟಿ ಹಿಡಿಯಬೇಕಿತ್ತು. ನಾನು ಹಲ್ಲು ಕಿರಿದೆ. ಈಗ ನೆನೆದರೆ ಅವನಿಗಿಂತ ನನ್ನ ಮೇಲೆ ಹೆಚ್ಚು ಸಿಟ್ಟು ಬರುತ್ತದೆ. ಎರಡು ಕಾಲು ನೆಟ್ಟಗಿದ್ದವನು ಊರು ಸುತ್ತಿದರೆ ಶೋಕಿ, ಅವಳು ಸುತ್ತಬೇಕೆಂದರೆ ಹುಚ್ಚು! ಯಾರು ಮಾಡಿದ ಕಾನೂನು ಇದು?

ಅರ್ಜಿ ಹಾಕಲೆಂದು ಹುಬ್ಬಳ್ಳಿಗೆ ಹೋದೆ. ಕಚೇರಿಯ ಎದುರಿನ ಅಂಗಡಿಯಲ್ಲಿ ಕೂತೆ. ಒಳಗೆ ಹೋಗುವವರ ಕೈಯಲ್ಲಿ ಫೈಲುಗಳು, ಬಾಯಲ್ಲಿ ಇಂಗ್ಲಿಷು. ನನ್ನನ್ನು ಏನಾದರೂ ಕೇಳಿದರೆ ಏನು ಹೇಳಲಿ? ಎದ್ದು ಬಸ್ಸು ಹತ್ತಿ ವಾಪಸು ಬಂದೆ. ಹೆದರಿದೆ ಎಂದು ಹೇಳಿದ್ದರೆ ಅಕ್ಕ ಒಂದು ಮಾತು ಬೈದು, ನನ್ನ ಜೊತೆಗೇ ಬಂದು ಹಾಕಿಸುತ್ತಿದ್ದಳು. ಆದರೆ ಹೆದರಿಕೆ ಒಂದೇ ಅಲ್ಲ. ಆ ದೇಶದಲ್ಲಿ ದಾರಿ ಗೊತ್ತಿರುವುದು ಅವಳಿಗೆ, ನನಗಲ್ಲ. ಇಷ್ಟು ವರ್ಷ ನಾನು ಎತ್ತಿ ಕೂರಿಸಿದವಳು ಅಲ್ಲಿ ನನ್ನನ್ನು ಕೈಹಿಡಿದು ನಡೆಸುತ್ತಾಳೆ. ಅದು ನನಗೆ ಬೇಡವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಅರ್ಜಿ ಹಾಕಿ ಬಂದೆ ಎಂದೆ. ಬೇಸಿಗೆ ಹತ್ತಿರ ಬಂದಾಗ, ತಿರಸ್ಕಾರ ಆಯಿತು, ನನಗೆ ಓದು ಕಡಿಮೆ ಎಂದು ಹೇಳಿದರು ಎಂದೆ. ಅಕ್ಕ ಅಳಲಿಲ್ಲ. ಕೆಂಡವಾದಳು. ತನಗೆ ಪ್ರವಾಸ ತಪ್ಪಿತೆಂದಲ್ಲ, ಅವರು ತನ್ನ ತಮ್ಮನಿಗೆ ಅವಮಾನ ಮಾಡಿದರೆಂದು. ರವಿಕೆ ಅಳತೆ ಕೊಡಲು ಬಂದವರಿಗೆಲ್ಲ ಟೇಪು ಹಿಡಿದುಕೊಂಡೇ ಹೇಳುತ್ತಿದ್ದಳು. “ಓದು ಕಮ್ಮಿ ಇದ್ದವ್ರು ವಿಮಾನ ಹತ್ತೂಕೆ ಆಗೂದಿಲ್ವಡ! ಎಂತ ನ್ಯಾಯ ಇದು?” ನಾನು ಒಳಗಿನ ಕೋಣೆಯಲ್ಲಿ ಊಟ ಮಾಡುತ್ತ ಕೇಳುತ್ತಿದ್ದೆ. ಏನೂ ತಪ್ಪು ಮಾಡದ ಕಚೇರಿಯವರು ನಮ್ಮ ಮನೆಯಲ್ಲಿ ದಿನವೂ ಬೈಗುಳ ತಿನ್ನುತ್ತಿದ್ದರು.

ಇನ್ನು ಆ ದಿನದ ಸಂಗತಿ. ಯೋಜನೆಯಂತೆ ನಡೆದಿದ್ದರೆ ಆ ಹೊತ್ತಿಗೆ ನಾವು ಲಂಕೆಯ ಗುಡ್ಡದ ಮೇಲಿರಬೇಕಿತ್ತು. ನಾನು ಒಂದು ಕುಟುಂಬವನ್ನು ಯಲ್ಲಾಪುರಕ್ಕೆ ಬಿಟ್ಟು ಖಾಲಿ ಗಾಡಿಯಲ್ಲಿ ಶಿರಸಿಗೆ ಹೊರಟಿದ್ದೆ. ಮಧ್ಯಾಹ್ನದ ಬಿಸಿಲು. ರಸ್ತೆಯಲ್ಲಿ ಜನವಿರಲಿಲ್ಲ. ಮಂಚಿಕೇರಿ ಇನ್ನೂ ಸ್ವಲ್ಪ ದೂರವಿತ್ತು. ಗಾಡಿಯಲ್ಲಿ ಟಿಣ್ ಟಿಣ್ ಎಂದು ಶುರುವಾಯಿತು.

ಹೊಸ ಗಾಡಿಗಳಲ್ಲಿ ಮುಂದಿನ ಸೀಟಿನಲ್ಲಿ ಕೂತವರು ಬೆಲ್ಟು ಹಾಕದಿದ್ದರೆ ಹಾಗೆ ಬಡಿದುಕೊಳ್ಳುತ್ತದೆ. ಅಕ್ಕನಿಗೆ ಬೆಲ್ಟು ಕುತ್ತಿಗೆಗೆ ಉಜ್ಜುತ್ತದೆ. ಅವಳು ಕೂತಾಗಲೆಲ್ಲ ಇದೇ ಗಲಾಟೆ. ಆದರೆ ಆಗ ಸೀಟಿನಲ್ಲಿ ಯಾರೂ ಇರಲಿಲ್ಲ. ಗಾಡಿ ನಿಲ್ಲಿಸಿದೆ. ಸೀಟಿನ ಮೇಲೆ ಚೀಲವಿಲ್ಲ, ನೀರಿನ ಬಾಟಲಿಯಿಲ್ಲ. ಕೈಯಿಂದ ಒರೆಸಿದೆ. ಇಳಿದು ಆ ಬದಿಗೆ ಹೋಗಿ ಬಾಗಿಲು ತೆಗೆದು ಮುಚ್ಚಿದೆ. ಮತ್ತೆ ಹೊರಟರೆ ಮತ್ತೆ ಅದೇ ಸದ್ದು. ಬೇಸರ ಬಂದು ಬೆಲ್ಟು ಎಳೆದು ಸಿಕ್ಕಿಸಿದೆ. ಸದ್ದು ನಿಂತಿತು.

ಖಾಲಿ ಸೀಟಿಗೆ ಬೆಲ್ಟು ಹಾಕಿದರೆ ಅದು ಹಿಂದಕ್ಕೆ ಎಳೆದುಕೊಂಡು ಸೀಟಿಗೆ ಅಂಟಿಕೊಳ್ಳುತ್ತದೆ. ಅದು ಅಂಟಿಕೊಳ್ಳಲಿಲ್ಲ. ಸೀಟಿನಿಂದ ಒಂದು ಗೇಣು ಮುಂದೆ, ಯಾರದೋ ಎದೆಯ ಮೇಲೆ ಇದ್ದ ಹಾಗೆ ಬಿಗಿಯಾಗಿ ನಿಂತಿತ್ತು. ಗಾಡಿ ಕುಲುಕಿದಾಗ ತುಸು ಏರಿ ತುಸು ಇಳಿಯುತ್ತಿತ್ತು. ನಾನು ಒಮ್ಮೆ ನೋಡಿದೆ, ಮತ್ತೆ ನೋಡಲಿಲ್ಲ. ಸ್ಟೀರಿಂಗ್ ಮೇಲಿನ ಕೈ ನಡುಗುತ್ತಿತ್ತು. ಹೆದರಿಕೆ ಎನ್ನುವುದಕ್ಕಿಂತ, ಸಿಕ್ಕಿಬಿದ್ದೆ ಎನಿಸಿತು. ಏನೋ ಹೇಳಬೇಕೆಂದು ಬಾಯಿ ತೆರೆದೆ. ಏನು ಹೇಳಬೇಕೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲಿಲ್ಲ. ಬಾಯಿ ಮುಚ್ಚಿಕೊಂಡೆ. ಮಂಚಿಕೇರಿ ದಾಟಿ ಬಹಳ ದೂರ ಬಂದ ಮೇಲೆ ಬೆಲ್ಟು ಸರ್ರನೆ ಹಿಂದಕ್ಕೆ ಹೋಗಿ ಸೀಟಿಗೆ ಅಂಟಿಕೊಂಡಿತು.

ಶಿರಸಿಯಲ್ಲಿ ನಿಲ್ಲದೆ ಮನೆಗೆ ಬಂದೆ. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಕುತ್ತಿಗೆ ಉಜ್ಜಿಕೊಳ್ಳುತ್ತಿದ್ದಳು.

“ಬಂದ್ಯ ತಮಾ? ಮಧ್ಯಾಹ್ನ ಹೊಲೀತಾ ಇದ್ದಂಗೇ ಕಣ್ಣ್ ಹತ್ತಿತ್ತು. ಎಂತದೋ ಕನಸು. ನಿನ್ನ ಗಾಡೀಲಿ ಕೂತಿದ್ದೆ. ಕ್ಯಾಂಡಿ ಬಂತು ಅಂದ್ಕಂಡೆ, ನೋಡಿದ್ರೆ ನಮ್ಮ ಮಂಚಿಕೇರಿ!” ಎಂದು ನಕ್ಕಳು. “ನಂಗೆ ಬೆಲ್ಟ್ ಬೇಡ ಅಂದ್ರೂ ನೀ ಹಾಕ್ದೆ. ಕೈ ನಡುಗ್ತಿತ್ತು ನಿಂದು. ಎಂತದೋ ಹೇಳೂಕೆ ಬಾಯಿ ತೆಗ್ದೆ, ಹೇಳ್ಲಿಲ್ಲ. ಎಂತ ಹೇಳೂಕಿತ್ತಾ?”

ನಾನು ಏನು ಹೇಳಿದೆ ಗೊತ್ತೇ? “ಆಕಳಿಕೆ ಬಂದಿತ್ತು ಅಕ್ಕಾ” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ‘ಕನಸಿನಲ್ಲಿ ನಡೆದದ್ದಕ್ಕೆ ಇವನು ಹೇಗೆ ಉತ್ತರ ಕೊಟ್ಟ’ ಎಂದು ಅವಳಿಗೆ ಹೊಳೆದಿರಬೇಕು. ಅವಳು ರವಿಕೆಯನ್ನು ಸೂಜಿಯ ಕೆಳಗೆ ಸರಿಸಿದಳು. ಮತ್ತೆ ಯಂತ್ರದ ಸದ್ದು ಶುರುವಾಯಿತು.

ಮರುದಿನ ಶಿರಸಿಯ ಮೆಕ್ಯಾನಿಕ್ ಸೀಟು ಬಿಚ್ಚಿ ನೋಡಿದ. ಎಲ್ಲ ಸರಿಯಿದೆ ಎಂದ. ವೈರು ಬಿಸಿಲಿಗೆ ಕಾದಿರಬೇಕು ಎಂದು ಒಬ್ಬರು, ಕಾಡಿನ ದೇವತೆ ಚೌಡಿಯ ಕಾಟ, ಕಾಯಿ ಒಡೆಸು ಎಂದು ಇನ್ನೊಬ್ಬರು ಹೇಳಿದರು. ವೈರು ಕಾದರೆ ಸದ್ದಾಗಬಹುದು, ಬೆಲ್ಟು ಗಾಳಿಯಲ್ಲಿ ನಿಲ್ಲುತ್ತದೆಯೇ? ನಿಂತಿತು ಎಂದೇ ಇಟ್ಟುಕೊಳ್ಳಿ, ಸಿದ್ದಾಪುರದಲ್ಲಿ ಕೂತವಳಿಗೆ ನನ್ನ ಬಾಯಿ ಹೇಗೆ ಕಂಡಿತು? ಚೌಡಿಯ ಕಾಟವಂತೆ! ಕಾಟ ಕೊಟ್ಟವನು ನಾನು. ಗೇಲಿ ಮಾಡಿದ ಅದೇ ಜನ ಈಗ ನನ್ನ ಗಾಡಿಯ ಸುತ್ತ ನಿಂತು ಸೀಟನ್ನು ಮುಟ್ಟಿ ಮುಟ್ಟಿ ನೋಡಿದರು. ಒಬ್ಬನಾದರೂ ‘ನಿನ್ನ ಅಕ್ಕ ಲಂಕೆಗೆ ಹೋದಳೇ’ ಎಂದು ಕೇಳಲಿಲ್ಲ. ಅವತ್ತು ನಡೆದದ್ದೇನೆಂದು ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿದವರಂತೆ ಮಾತಾಡುವವರನ್ನು ಕಂಡರೆ ನನಗಾಗುವುದಿಲ್ಲ.

ಸುಳ್ಳು ಮಾತ್ರ ಹಾಗೇ ಉಳಿಯಿತು. ಒಂದು ಬೇಸಿಗೆ ಹೋಗಿ ಇನ್ನೊಂದು ಬಂತು. ಈ ವರ್ಷ ಯುಗಾದಿ ಕಳೆದ ಮೇಲೆ ಅಕ್ಕ ಒಂದು ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಕೂತಿದ್ದಳು. “ನಡಿ ಹುಬ್ಬಳ್ಳಿಗೆ. ಆ ಕಚೇರಿಯವ್ರ ಹತ್ರ ನಾ ಮಾತಾಡ್ತೆ” ಎಂದಳು. ನಾನು ಬಾಡಿಗೆಯಿದೆ ಎಂದೆ, ಗಾಡಿ ಸರಿಯಿಲ್ಲ ಎಂದೆ. ಕೇಳಲಿಲ್ಲ. ಹೊರಟೆವು. ದಾರಿಯುದ್ದಕ್ಕೂ ಅವಳು ತುಟಿ ಅಲ್ಲಾಡಿಸುತ್ತ ಏನನ್ನೋ ಅಭ್ಯಾಸ ಮಾಡುತ್ತಿದ್ದಳು. ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದೆ. ಅವಳು ಇಳಿಯಲಿಲ್ಲ. ಲೋಟವನ್ನು ನಾನು ಕಿಟಕಿಯಲ್ಲಿ ಕೊಟ್ಟೆ.

“ಸಮಾ ಆತ ನೋಡು” ಎಂದು ಬೆನ್ನು ನೆಟ್ಟಗೆ ಮಾಡಿಕೊಂಡು, ಎದುರಿಗೆ ಸಾಹೇಬರೇ ಕೂತಂತೆ ಶುರುಮಾಡಿದಳು. “ನನ್ನ ತಮ್ಮ ಐದನೇ ಕ್ಲಾಸ್ ಕಲ್ತವ, ಹೌದು. ಆದ್ರೆ ನಂಗೆ ಕಾಲಾಗಿ ನಿಂತವ. ನಿಮ್ಮಲ್ಲಿ ಎಷ್ಟು ಓದ್ದವ್ರಿದ್ರೂ ಅವನಷ್ಟು ನಿಯತ್ತಿನವ್ರು ಇಲ್ಲ. ಸುಳ್ಳ್ ಹೇಳೂ ಪೈಕಿ ಅಲ್ಲ ಅವ...” ನಡುವೆ ಒಂದು ಗುಟುಕು ಚಹಾ ಕುಡಿದಳು. ಸಿಟ್ಟಿನಿಂದ ಕೆನ್ನೆ ಕೆಂಪಾಗಿತ್ತು. “ಸಾಕಾ? ಇನ್ನೂ ಜೋರು ಮಾಡ್ಬೇಕಾ?” ಎಂದು ನನ್ನನ್ನೇ ಕೇಳಿದಳು.

ನಾನು ಕಿಟಕಿಯ ಹೊರಗೆ ನಿಂತಿದ್ದೆ. ಸುತ್ತ ಬಸ್ಸಿಗೆ ಕಾಯುವ ಜನವಿತ್ತು. ಅವರಿಗೂ ಕೇಳುವಂತೆ ಹೇಳಿದೆ.

“ಅಕ್ಕಾ, ಅವ್ರಿಗೆ ಬೈಬೇಡ. ನಾ ಅರ್ಜಿ ಹಾಕ್ಲೇ ಇಲ್ಲ. ಒಳಗೇ ಹೋಗ್ಲಿಲ್ಲ. ಅವ್ರು ತಿರಸ್ಕಾರ ಮಾಡಿದ್ದಲ್ಲ, ನಾನೇ ಮಾಡಿದ್ದು. ತಪ್ಪು ನಂದು ಅಕ್ಕಾ. ನನ್ನ ಕ್ಷಮಿಸು.”